ತೊಟ್ಟಿಲ ಹಾಸಿಗೆ ಪರೀಕ್ಷಾ ಸಮಿತಿ

ಕಾರ್ಖಾನೆಯೊಂದರಲ್ಲಿ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸಕ್ಕಿದ್ದರೆ ಅಲ್ಲಿ ಅವರ ಕೂಸುಗಳಿಗಾಗಿ ಒಂದು ಶಿಶುಗೃಹ ಇರತಕ್ಕದ್ದು ಎಂದು ಕಾನೂನು ಹೇಳುತ್ತದೆ. ಪೀಣ್ಯ ಎರಡನೇ ಹಂತದ ಸುಭದ್ರ ಸ್ಪ್ರಿಂಗ್ಸ್ ನಿಯಮಿತದವರು ಕಾನೂನಿಗೆ ತಲೆಬಾಗುವ ಜನ. ಆದ್ದರಿಂದಲೇ ಅವರು ವರ್ಷಾನುಗಟ್ಟಲೆ ಸರಿಯಾಗಿ ಮೂವತ್ತು ಹೆಂಗಸರನ್ನು ಮಾತ್ರ ಕೆಲಸಕ್ಕಿಟ್ಟುಕೊಂಡಿದ್ದರು.

ಮೂವತ್ತೊಂದನೆಯವಳು ವೆಂಕಟಲಕ್ಷ್ಮಿ. ಅವಳು ಬಂದದ್ದು ಕಾರ್ಖಾನೆಯ ಇಷ್ಟದಿಂದಲ್ಲ. ಈಗ ಹೊಸ ಶೆಡ್ಡು ನಿಂತಿರುವ ಕಡೆ ಹಿಂದೆ ಅವಳ ಮಾವನ ರಾಗಿ ಹೊಲವಿತ್ತು. ಜಮೀನು ಬಿಟ್ಟುಕೊಟ್ಟವರ ಮನೆಗೊಂದು ಕೆಲಸ ಎಂದು ಮಾತಾಗಿತ್ತು. ಗಂಡ ಮುನಿಯಣ್ಣ ಲಾರಿ ಡ್ರೈವರ್, ಅವನಿಗೆ ನಾಲ್ಕು ಗೋಡೆಯೊಳಗಿನ ಕೆಲಸ ಒಗ್ಗಲಿಲ್ಲ. ಹಾಗಾಗಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಸೊಸೆಗೆ ಆ ಕೆಲಸ ಬಂತು. ಪ್ಯಾಕಿಂಗ್ ವಿಭಾಗದಲ್ಲಿ ಸ್ಪ್ರಿಂಗುಗಳಿಗೆ ಎಣ್ಣೆ ಕಾಗದ ಸುತ್ತುತ್ತ ಅವಳು ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದಳು. ಲೆಕ್ಕ ಮೂವತ್ತನ್ನು ದಾಟಿದೆ ಎಂದು ಆಡಳಿತಕ್ಕೆ ಹೊಳೆದದ್ದು, ಅವಳು ಹೆರಿಗೆ ರಜೆ ಮುಗಿಸಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಗೇಟಿನ ಮುಂದೆ ಬಂದು ನಿಂತ ದಿನ.

"ಮಗೂನ ಒಳಗೆ ಬಿಡೋ ಹಾಗಿಲ್ಲಮ್ಮ," ಎಂದ ವಾಚ್‌ಮನ್ ಸೊಣ್ಣಪ್ಪ.

"ಯಾಕಣ್ಣ?"

"ಅದರ ಹತ್ರ ಟೋಕನ್ ಇಲ್ಲ."

ಕೂಸಿನ ಹೆಸರು ಮುನಿರಾಜು. ಬಾಟಲಿ ಹಾಲನ್ನು ಅದು ಎಷ್ಟು ಪುಸಲಾಯಿಸಿದರೂ ಬಾಯಿಗೆ ಸೇರಿಸುತ್ತಿರಲಿಲ್ಲ. ಅತ್ತೆ ಪಿಳ್ಳಮ್ಮ ಲಗ್ಗೆರೆಯ ಮನೆಯಲ್ಲೇ ಇದ್ದರೂ ಅವರ ಬಳಿ ಹಸುಗಳ ಹಾಲಿತ್ತೇ ಹೊರತು ಕೂಸು ಒಪ್ಪುವ ಹಾಲಿರಲಿಲ್ಲ. ತಾಯಿ ಎಲ್ಲೋ ಕೂಸು ಅಲ್ಲೇ ಇರಬೇಕಿತ್ತು. ತಾಯಿ ಕಾರ್ಖಾನೆಯಲ್ಲಿರಬೇಕಿತ್ತು. ಇಷ್ಟು ಸರಳವಾದ ವಿಷಯವಾದ್ದರಿಂದ ಅದನ್ನು ಕಲ್ಯಾಣಾಧಿಕಾರಿಗಳಿಗೆ ಒಪ್ಪಿಸಲಾಯಿತು.

ಕಲ್ಯಾಣಾಧಿಕಾರಿ ಪಟ್ಟಾಭಿರಾಮ ಒಳ್ಳೆಯ ಮನುಷ್ಯರು. ಅವರಿಗೆ ಮದುವೆಯಾಗಿರಲಿಲ್ಲ, ಆದ್ದರಿಂದ ಶಿಶುಗಳ ವಿಷಯದಲ್ಲಿ ಅವರು ನಿಷ್ಪಕ್ಷಪಾತಿಗಳೆಂದು ಎಲ್ಲರೂ ಒಪ್ಪಿದ್ದರು. ಅವರು ಕ್ಯಾಂಟೀನಿನ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದರು. ಗೋಡೆಗೆ ಮೊಲದ ಚಿತ್ರ ಬರೆಸಿದರು. ಬರೆದವನು ಬೆಂಕಿ ಅಪಾಯದ ಬೋರ್ಡು ಬರೆಯುವ ಪೇಂಟರ್ ಆದ್ದರಿಂದ ಮೊಲ ಕೆಂಪಗಿತ್ತು. ಅನುಸೂಯಮ್ಮ ಎಂಬ ಆಯಾ ನೇಮಕವಾದರು. ವೆಲ್ಡಿಂಗ್ ವಿಭಾಗದವರು ಕಬ್ಬಿಣದ ತೊಟ್ಟಿಲೊಂದನ್ನು ಮಾಡಿಕೊಟ್ಟರು, ಅದನ್ನು ಒಳಗೆ ತರಲು ಬಾಗಿಲ ಚೌಕಟ್ಟು ಕೀಳಬೇಕಾಯಿತು. ಇನ್ನು ಉಳಿದದ್ದು ಹಾಸಿಗೆ ಮಾತ್ರ.

ಹಾಸಿಗೆಯಿಲ್ಲದ ತೊಟ್ಟಿಲು ಅಪೂರ್ಣ ಮಾಲು. ಅಪೂರ್ಣ ಮಾಲನ್ನು ಬಳಕೆಗೆ ಬಿಡುವುದು ಕಾರ್ಖಾನೆಯ ಗುಣಮಟ್ಟದ ನೀತಿಗೆ ವಿರುದ್ಧ. ಹೀಗಾಗಿ ಒಂದು ಸುತ್ತೋಲೆ ಹೊರಟಿತು:

"ತೊಟ್ಟಿಲ ಹಾಸಿಗೆಯು ಫೋಮಿನದಾಗಿರಬೇಕೇ ಅಥವಾ ಸ್ಪ್ರಿಂಗಿನದಾಗಿರಬೇಕೇ ಎಂಬುದನ್ನು ಕೂಲಂಕಷವಾಗಿ ಪರಿಶೀಲಿಸಿ ಶಿಫಾರಸು ಮಾಡಲು ಈ ಮೂಲಕ ಸಮಿತಿಯೊಂದನ್ನು ರಚಿಸಲಾಗಿದೆ. ಸಮಿತಿಯ ತೀರ್ಮಾನವಾಗುವವರೆಗೆ ಯಾವುದೇ ಶಿಶು ಶಿಶುಗೃಹವನ್ನು ಪ್ರವೇಶಿಸತಕ್ಕದ್ದಲ್ಲ. ಆಯಾ ಮಾತ್ರ ಎಂದಿನಂತೆ ಕರ್ತವ್ಯ ನಿರ್ವಹಿಸತಕ್ಕದ್ದು."

ಅನುಸೂಯಮ್ಮ ಎಂದಿನಂತೆ ಕರ್ತವ್ಯ ನಿರ್ವಹಿಸಿದರು. ಬೆಳಗ್ಗೆ ಬಂದು, ಖಾಲಿ ತೊಟ್ಟಿಲ ಮುಂದೆ ಕೂತು ಲಾಲಿ ಹಾಡಿ, ಸಂಜೆ ಸೈರನ್ ಆದ ಮೇಲೆ ಮನೆಗೆ ಹೋಗುತ್ತಿದ್ದರು.

ವೆಂಕಟಲಕ್ಷ್ಮಿಗೆ ಯುಗಾದಿಯವರೆಗೆ ಸಂಬಳವಿಲ್ಲದ ರಜೆ ಸಿಕ್ಕಿತು. ಅದರಿಂದಾಚೆಗೆ ಏನು ಎಂದು ಸಿಬ್ಬಂದಿ ಮ್ಯಾನೇಜರು ಅವಳನ್ನು ಕರೆಸಿ, ಕುರ್ಚಿ ಕೊಟ್ಟು, ತಾವೇ ಬಿಡಿಸಿ ಹೇಳಿದರು.

"ನೋಡಮ್ಮ, ಯುಗಾದಿಯೊಳಗೆ ಹಾಸಿಗೆ ತೀರ್ಮಾನ ಆಗ್ಲಿಲ್ಲ, ನೀನು ಡ್ಯೂಟಿಗೆ ಬರ್ಲಿಲ್ಲ ಅಂದ್ರೆ ನಿನ್ನ ಹೆಸರು ಹೊಡೆದುಹಾಕ್ತೀವಿ. ಹೆಸರು ಹೋದ್ರೆ ಹೆಂಗಸರು ಮೂವತ್ತೇ ಜನ. ಮೂವತ್ತೇ ಜನ ಅಂದ್ರೆ ಶಿಶುಗೃಹವೇ ಬೇಕಾಗಲ್ಲ. ಶಿಶುಗೃಹ ಬೇಡ ಅಂದ್ಮೇಲೆ ಹಾಸಿಗೆ ಯಾತಕ್ಕೆ? ಸಮಸ್ಯೆ ತಾನಾಗೇ ಬಗೆಹರಿಯುತ್ತೆ. ಯಾರಿಗೂ ತೊಂದ್ರೆ ಇಲ್ಲ."

"ನಂಗೆ ತೊಂದ್ರೆ ಸಾರ್."

"ಅದಕ್ಕೇ ಹೇಳ್ತಿರೋದು, ಸಮಿತಿಯೋರಿಗೆ ಬೇಗ ತೀರ್ಮಾನ ಮಾಡೋಕೆ ಹೇಳು," ಎಂದರು ಮ್ಯಾನೇಜರು, ಬಹಳ ಕಾಳಜಿಯಿಂದ.

ಅವಳು ಹೊರಗೆ ಬಂದು ಹುಣಸೆ ಮರದ ಕೆಳಗೆ ಕೂತು ಅತ್ತಳು. ಹೊಲ ಹೋಗಿತ್ತು, ಹೊಲಕ್ಕೆ ಬದಲಾಗಿ ಬಂದ ಕೆಲಸವೂ ಹೋಗುವುದರಲ್ಲಿತ್ತು. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕೂಸನ್ನು ಗೇಟಿನಾಚೆ ಅತ್ತೆಯ ಕೈಯಲ್ಲೇ ಬಿಟ್ಟು, ಸಮಿತಿಯ ಮೊದಲ ಸಭೆಗೆ ಹೋದಳು.

ಸಮಿತಿಯಲ್ಲಿ ಪಟ್ಟಾಭಿರಾಮರಲ್ಲದೆ ಇನ್ನೂ ಮೂವರಿದ್ದರು. ಖರೀದಿ ಮ್ಯಾನೇಜರ್ ಶ್ಯಾಮಸುಂದರ ಫೋಮಿನ ಪಕ್ಷ. ಅವರ ಹೆಂಡತಿಯ ತಮ್ಮ ತುಮಕೂರು ರಸ್ತೆಯಲ್ಲಿ ಫೋಮಿನ ಏಜೆನ್ಸಿ ಇಟ್ಟುಕೊಂಡಿದ್ದ, ಹಾಗಾಗಿ ಫೋಮಿನ ಒಳಹೊರಗು ಅವರಿಗೆ ಮನೆಯಲ್ಲೇ ಗೊತ್ತಿತ್ತು. ಸ್ಪ್ರಿಂಗ್ ವಿಭಾಗದ ಫೋರ್‌ಮನ್ ಹನುಮಂತರಾಯಪ್ಪ ಸ್ಪ್ರಿಂಗಿನ ಪಕ್ಷ. ರೈಲ್ವೆಯವರು ವಾಪಸ್ಸು ಕಳಿಸಿದ್ದ ಸ್ಪ್ರಿಂಗುಗಳು ಅವರ ವಿಭಾಗದ ಹಿಂದೆ ಗುಡ್ಡೆ ಬಿದ್ದಿದ್ದವು. ಇನ್‌ಸ್ಪೆಕ್ಷನ್ ಮುಖ್ಯಸ್ಥ ನಲ್ಲಪ್ಪ ಯಾವ ಪಕ್ಷವೂ ಅಲ್ಲ. ಅವರ ಜೇಬಿನಲ್ಲಿ ಸದಾ ಮೂರು ಬಣ್ಣದ ಚೀಟಿಗಳಿರುತ್ತಿದ್ದವು: ಪಾಸಾದ ಮಾಲಿಗೆ ಹಸಿರು, ತಿದ್ದಬೇಕಾದ್ದಕ್ಕೆ ಹಳದಿ, ಬಿಸಾಡಬೇಕಾದ್ದಕ್ಕೆ ಕೆಂಪು. ಪ್ರಪಂಚದಲ್ಲಿ ಈ ಮೂರರ ಹೊರಗೆ ಏನೂ ಇಲ್ಲ ಎಂಬುದು ಅವರ ನಂಬಿಕೆ.

"ಒಂದು ಮಾತು ಸಾರ್," ಎಂದಳು ವೆಂಕಟಲಕ್ಷ್ಮಿ, ಬಾಗಿಲಲ್ಲೇ ನಿಂತು. "ಹಳೇ ಸೀರೆ ಎರಡು ಮಡಚಿ ಹಾಸಿದ್ರೂ ನಮ್ಮ ಮಗು ಮಲ್ಕೊಳುತ್ತೆ."

ಸಮಿತಿ ಅದನ್ನು ಬರೆದುಕೊಂಡಿತು.

"ಹಳೇದು ಅಂದ್ರೆ ಎಷ್ಟು ಹಳೇದು?" ಎಂದು ಕೇಳಿದರು ನಲ್ಲಪ್ಪ. "ಎಷ್ಟು ಮಡಿಕೆ? ಮಡಿಕೆ ದಪ್ಪ ಎಷ್ಟು? ಡ್ರಾಯಿಂಗ್ ಇದೆಯಾ?"

ಡ್ರಾಯಿಂಗ್ ಇರಲಿಲ್ಲ. ಸೀರೆಯ ಪ್ರಸ್ತಾಪ ಬಿದ್ದುಹೋಯಿತು.

ಆಮೇಲೆ ಫೋಮಿನವರು ಮತ್ತು ಸ್ಪ್ರಿಂಗಿನವರು ವಾದಕ್ಕೆ ನಿಂತರು. ಫೋಮು ಮೈಗೆ ಹಿತ ಎಂದರು ಶ್ಯಾಮಸುಂದರ. "ಇತ ಅಂತೆ," ಎಂದು ಮೂಗು ಮುರಿದರು ಹನುಮಂತರಾಯಪ್ಪ. "ನಮ್ ಸ್ಪ್ರಿಂಗು ಕಲ್ಲಿದ್ದಲು ತುಂಬಿದ್ ವ್ಯಾಗನ್ ಒತ್ಕಂಡ್ ನಿಂತೈತೆ ಸಾರ್. ಒಂದ್ ಕೂಸು ಯಾವ್ ಮಾತು?" ವಾದ ಬಿಸಿಯೇರಿತು, ಕ್ಯಾಂಟೀನಿನಿಂದ ಕೇಸರಿಬಾತು ಬಂತು, ತಣ್ಣಗಾಯಿತು. ಕೊನೆಗೆ ನಲ್ಲಪ್ಪ ಕೈಯೆತ್ತಿದರು.

"ಬಾಯಿಮಾತಲ್ಲಿ ಹಾಸಿಗೆ ಪಾಸಾಗಲ್ಲ. ಎರಡರ ಮೇಲೂ ಹೊರೆ ಇಟ್ಟು ಟೆಸ್ಟ್ ಮಾಡ್ಬೇಕು. ಮರಳು ಮೂಟೆ ನಡೆಯಲ್ಲ, ಅಸಲಿ ಹೊರೆನೇ ಬೇಕು."

ಆದರೆ ಅಸಲಿ ಹೊರೆ ಗೇಟಿನಾಚೆ ಪಿಳ್ಳಮ್ಮನ ಸೊಂಟದ ಮೇಲಿತ್ತು, ತೀರ್ಮಾನವಾಗದೆ ಒಳಗೆ ಬರುವಂತಿರಲಿಲ್ಲ. ಪಟ್ಟಾಭಿರಾಮರು ಬಹಳ ತಲೆ ಕೆರೆದುಕೊಂಡು ಒಂದು ಗೇಟ್ ಪಾಸ್ ಬರೆದರು: "ಪರೀಕ್ಷಾ ಹೊರೆ, ಒಂದು. ಪ್ರತಿದಿನ ಪರೀಕ್ಷೆಯ ನಂತರ ಹಿಂತಿರುಗಿಸತಕ್ಕದ್ದು. ಹೊರೆಯನ್ನು ಹೊತ್ತು ತರುವವರನ್ನು ಕರ್ತವ್ಯದ ಮೇಲಿರುವವರೆಂದು ಪರಿಗಣಿಸತಕ್ಕದ್ದು."

ಮರುದಿನ ಸೊಣ್ಣಪ್ಪ ಪಾಸಿನಲ್ಲಿರುವ ಮಾಲಿಗೂ ಕಂಕುಳಲ್ಲಿರುವ ಮಾಲಿಗೂ ತಾಳೆ ನೋಡಿ, ಕೂಸಿನ ಕೆನ್ನೆ ಹಿಂಡಿ ಒಳಗೆ ಬಿಟ್ಟ. ವೆಂಕಟಲಕ್ಷ್ಮಿ ಟೋಕನ್ ಹಾಕಿ ಡ್ಯೂಟಿಗೆ ಹೋದಳು.

ಫೋಮಿನ ಮೇಲೆ ಮಲಗಿಸಿದಾಗ ಮುನಿರಾಜು ಒಂದಿಷ್ಟು ಕೆಳಗಿಳಿದ. ಸ್ಪ್ರಿಂಗಿನ ಮೇಲೆ ಮಲಗಿಸಿದಾಗ ಸ್ಪ್ರಿಂಗು ಅಲುಗಲಿಲ್ಲ. ವ್ಯಾಗನ್ ಹೊರಬೇಕಾಗಿದ್ದ ಸ್ಪ್ರಿಂಗದು. ನಲ್ಲಪ್ಪ ಬಗ್ಗಿ ಅಳತೆ ಪಟ್ಟಿ ಹಿಡಿದು ನೋಡಿ, "ಇಳಿತ ಇಲ್ಲ," ಎಂದು ಬರೆದುಕೊಂಡರು.

"ಅದ್ ಸ್ಪ್ರಿಂಗ್ ತಪ್ಪಲ್ಲ," ಎಂದರು ಹನುಮಂತರಾಯಪ್ಪ. "ಕೂಸು ಲೈಟು. ಕೂಸಿನ್ ತೂಕ ಸರಿ ಮಾಡ್ಕಂಡ್ ಬರ್ಲಿ, ಎಂಗ್ ಇಳಿಯಾಕಿಲ್ಲ ನೋಡಾನ."

ತರ್ಕದಲ್ಲಿ ಲೋಪವಿರಲಿಲ್ಲ. ನಲ್ಲಪ್ಪ ಜೇಬಿನಿಂದ ಹಳದಿ ಚೀಟಿ ತೆಗೆದು, ಅದರ ಮೇಲೆ "ತೂಕ ಕಡಿಮೆ, ತಿದ್ದಿ ಮತ್ತೆ ಒಪ್ಪಿಸುವುದು" ಎಂದು ಬರೆದು, ಕೂಸಿನ ಕಾಲಿಗೆ ಮೆತ್ತಗೆ ದಾರ ಕಟ್ಟಿದರು. ಕೂಸು ಚೀಟಿಯನ್ನು ಬಾಯಿಗಿಟ್ಟುಕೊಂಡಿತು.

ಸಂಜೆ ಕೂಸಿನ ಕಾಲು ನೋಡಿ ಪಿಳ್ಳಮ್ಮ ಕೇಳಿದರು, "ಇದೇನಮ್ಮಿ, ದೃಷ್ಟಿಗೆ ಕಟ್ಟವ್ರಾ?"

"ಊಂ ಅತ್ತೆ," ಎಂದಳು ವೆಂಕಟಲಕ್ಷ್ಮಿ. ಅವಳಿಗೆ ವಿವರಿಸುವ ತ್ರಾಣವಿರಲಿಲ್ಲ.

ಆದರೆ ಆ ರಾತ್ರಿ ಅಡುಗೆ ಮಾಡುವಾಗ ಅವಳಿಗೊಂದು ಸಂಗತಿ ಹೊಳೆಯಿತು. ತೀರ್ಮಾನ ಬೇಗ ಆಗಲಿ ಎಂದು ಅವಳು ಕಂಡ ಕಂಡ ದೇವರಿಗೆ ಕೈಮುಗಿದಿದ್ದಳು. ಆದರೆ ತೀರ್ಮಾನವಾದರೆ ಪರೀಕ್ಷೆ ಮುಗಿಯುತ್ತದೆ, ಪಾಸು ರದ್ದಾಗುತ್ತದೆ. ಆಮೇಲೆ ಹಾಸಿಗೆ ಕೊಳ್ಳಲು ಟೆಂಡರು, ಟೆಂಡರು ತೆರೆಯಲು ಇನ್ನೊಂದು ಸಮಿತಿ, ಅಷ್ಟರಲ್ಲಿ ಯುಗಾದಿ ಬಂದು ಹೋಗಿರುತ್ತದೆ. ಪರೀಕ್ಷೆ ನಡೆಯುತ್ತಿರುವಷ್ಟು ದಿನ ಕೂಸು ಒಳಗೆ, ತಾನೂ ಒಳಗೆ. ಅವಳು ದೇವರಿಗೆ ಮತ್ತೆ ಕೈಮುಗಿದು, ಹಿಂದೆ ಕೇಳಿಕೊಂಡದ್ದನ್ನು ವಾಪಸ್ಸು ತೆಗೆದುಕೊಂಡಳು.

ಮಾರನೆಯ ದಿನದಿಂದ ಅವಳು ಸಮಿತಿಗೆ ಸಹಕಾರ ಕೊಡತೊಡಗಿದಳು.

"ಸಾರ್, ನಿನ್ನೆ ಸ್ಪ್ರಿಂಗ್ ಮೇಲೆ ಎಷ್ಟು ಚೆನ್ನಾಗಿ ನಿದ್ದೆ ಮಾಡ್ದ ಗೊತ್ತಾ," ಎಂದು ಶ್ಯಾಮಸುಂದರರ ಕಿವಿಗೆ ಬೀಳುವಂತೆ ಹೇಳಿದಳು. ಶ್ಯಾಮಸುಂದರ ಹುಬ್ಬು ಗಂಟಿಕ್ಕಿ ಭಾಮೈದನಿಂದ ಇನ್ನೂ ದಪ್ಪದ ಮಾದರಿ ತರಿಸಿದರು. ಹನುಮಂತರಾಯಪ್ಪನವರ ಹತ್ತಿರ ಹೋಗಿ, "ಅಣ್ಣಾ, ಯಾಕೋ ಫೋಮ್ ಮೇಲೆ ಹಾಕಿದ್ರೆ ನಗ್ತಾನೆ," ಎಂದಳು. ಹನುಮಂತರಾಯಪ್ಪ ಆ ದಿನ ಊಟಕ್ಕೂ ಏಳದೆ ಹೊಸ ಸುರುಳಿ ಸುತ್ತಿಸಿದರು. ಹೀಗೆ ಯುಗಾದಿ ಬಂದು ಹೋಯಿತು. ಸಿಬ್ಬಂದಿ ಮ್ಯಾನೇಜರು ದಿನಾ ಹಾಜರಿ ತರಿಸಿ ನೋಡುತ್ತಿದ್ದರು. ಅವಳು ದಿನಾ ಹಾಜರಿರುತ್ತಿದ್ದಳು.

ಬೇಸಗೆಯಲ್ಲಿ ಜಗಳ ತಾತ್ವಿಕ ಮಟ್ಟ ಮುಟ್ಟಿತು. ಹಾಸಿಗೆಗೆ ತಕ್ಕಂತೆ ಕೂಸನ್ನು ತಿದ್ದಬೇಕೋ, ಕೂಸಿಗೆ ತಕ್ಕಂತೆ ಹಾಸಿಗೆಯನ್ನು ತಿದ್ದಬೇಕೋ? ಸ್ಪ್ರಿಂಗಿನವರು ಮೊದಲನೆಯದೆಂದರು, ಫೋಮಿನವರು ಎರಡನೆಯದೆಂದರು. ನಲ್ಲಪ್ಪ ಒಂದು ವಾರ ಯಾರ ಜೊತೆಗೂ ಮಾತಾಡದೆ ಯೋಚಿಸಿ ಐತಿಹಾಸಿಕವಾದ ತೀರ್ಪು ಕೊಟ್ಟರು.

"ಕೂಸು ಮಾಲಲ್ಲ. ಕೂಸು ಗೇಜು."

ಗೇಜು ಎಂದರೆ ಮಾಲು ಸರಿಯಿದೆಯೋ ಇಲ್ಲವೋ ಎಂದು ತಾಳೆ ನೋಡುವ ಮೂಲ ಅಳತೆ. ಮಾಲು ತಪ್ಪಬಹುದು, ಗೇಜು ತಪ್ಪುವುದಿಲ್ಲ. ಆದ್ದರಿಂದ ಅದೇ ದಿನ ಮುನಿರಾಜುವನ್ನು ಕಾರ್ಖಾನೆಯ ತಕ್ಕಡಿಯಲ್ಲಿ ತೂಗಿ, ಬಂದ ತೂಕವನ್ನೇ ಪ್ರಮಾಣ ತೂಕವೆಂದು ಸಾರಲಾಯಿತು. ಕಾಲಿನ ಹಳದಿ ಚೀಟಿ ಹೋಗಿ ಹಸಿರು ಬಂತು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಮುನಿರಾಜುವೂ ತಟ್ಟಿದ.

ಗೇಜುಗಳನ್ನು ಎಲ್ಲೆಂದರಲ್ಲಿ ಇಡುವಂತಿಲ್ಲ. ಅವುಗಳಿಗಾಗಿ ಇಡೀ ಕಾರ್ಖಾನೆಯಲ್ಲಿ ಒಂದೇ ಒಂದು ಹವಾನಿಯಂತ್ರಿತ ಕೋಣೆಯಿತ್ತು. ಜನರಲ್ ಮ್ಯಾನೇಜರರೇ ಫ್ಯಾನಿನ ಕೆಳಗೆ ಬೆವರುತ್ತಿದ್ದ ದಿನಗಳಲ್ಲಿ ಮುನಿರಾಜು ಆ ಕೋಣೆಯಲ್ಲಿ, ಮಖಮಲ್ಲು ಹೊದಿಸಿದ ಮರದ ಪೆಟ್ಟಿಗೆಯಲ್ಲಿ, ದೊಡ್ಡ ಗೇಜುಗಳ ಸಾಲಿನ ಕೊನೆಯಲ್ಲಿ ಮಲಗುತ್ತಿದ್ದ. ಅನುಸೂಯಮ್ಮ ಅವನಿಗೊಂದು ಸ್ವೆಟರ್ ಹೆಣೆದು, ತಾವೂ ಒಂದು ಹಾಕಿಕೊಂಡು, ಪಕ್ಕದಲ್ಲಿ ಕೂತು ಹಾಡುತ್ತಿದ್ದರು. ಈಗ ಹಾಡು ಕೇಳಲು ಒಬ್ಬನಿದ್ದಾನಲ್ಲ ಎಂದು ಅವರಿಗೆ ನಿಜಕ್ಕೂ ಖುಷಿಯಾಗಿತ್ತು. ಹಾಲಿನ ಹೊತ್ತಿಗೆ ವೆಂಕಟಲಕ್ಷ್ಮಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದಳು. ಅದನ್ನು ದಾಖಲೆಯಲ್ಲಿ ಗೇಜಿನ ನಿರ್ವಹಣೆ ಎಂದು ತೋರಿಸಲಾಗುತ್ತಿತ್ತು.

ಹಾಸಿಗೆಗಳೂ ಬೆಳೆದವು. ಫೋಮಿನ ಮಾದರಿಗಳು ವಾರದಿಂದ ವಾರಕ್ಕೆ ಅಗಲವಾಗುತ್ತ ಬಂದು ಡಬಲ್ ಕಾಟಿನ ಅಳತೆ ಮುಟ್ಟಿದವು. ಗೃಹ ವಾತಾವರಣದಲ್ಲಿ ಪರೀಕ್ಷೆಯಾಗಲಿ ಎಂದು ಶ್ಯಾಮಸುಂದರ ಅವುಗಳನ್ನು ಒಂದೊಂದಾಗಿ ಮನೆಗೆ ಸಾಗಿಸಿದರು. ಸ್ಪ್ರಿಂಗಿನ ಹಾಸಿಗೆಯನ್ನು ಮಧ್ಯಾಹ್ನದ ಊಟದ ನಂತರ ಜನರಲ್ ಮ್ಯಾನೇಜರರು ದೀರ್ಘಾವಧಿ ಪರೀಕ್ಷೆಗೆ ಒಳಪಡಿಸುತ್ತಿದ್ದರು. ಅವರ ತೂಕಕ್ಕೆ ಅದು ಸರಿಯಾಗಿ ಇಳಿಯುತ್ತಿತ್ತು. ಕೆಂಪು ಮೊಲದ ಕೋಣೆಯಲ್ಲಿ ತೊಟ್ಟಿಲು ಖಾಲಿಯಾಗಿಯೇ ಉಳಿಯಿತು.

ಎಲ್ಲವೂ ಸುಸೂತ್ರವಾಗಿತ್ತು. ಆದರೆ ಮುನಿರಾಜುವಿಗೆ ಹಲ್ಲು ಬಂತು.

ದಸರೆಗೆ ಮುಂಚೆ ಗೇಜುಗಳ ತಪಾಸಣೆ ನಡೆಯುವುದು ಪದ್ಧತಿ. ನಲ್ಲಪ್ಪ ಒಂದೊಂದೇ ಗೇಜನ್ನು ತೂಗಿ ಅಳೆದು ಬರುತ್ತ ಕೊನೆಯ ಪೆಟ್ಟಿಗೆಯ ಬಳಿ ನಿಂತರು. ಪೆಟ್ಟಿಗೆ ಖಾಲಿಯಿತ್ತು. ಗೇಜು ಮೇಜಿನ ಕೆಳಗೆ ಅಂಬೆಗಾಲಿಡುತ್ತಿತ್ತು. ಹಿಡಿದು ತೂಗಿದರೆ ಪ್ರಮಾಣ ತೂಕದ ಒಂದೂವರೆ ಪಟ್ಟು. ನಲ್ಲಪ್ಪನವರ ಮುಖ ಬಾಡಿತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಬೇಗ ಕೆಟ್ಟ ಗೇಜನ್ನು ಅವರು ಕಂಡಿರಲಿಲ್ಲ. ಅವರು ಕೆಂಪು ಚೀಟಿ ತೆಗೆದರು.

ಗೇಜಿಗೆ ಕೆಂಪು ಚೀಟಿ ಎಂದರೆ ಸರಬರಾಜು ಮಾಡಿದವರಿಗೆ ವಾಪಸ್ಸು. ಸುದ್ದಿ ಪ್ಯಾಕಿಂಗ್ ವಿಭಾಗದಲ್ಲಿದ್ದ ವೆಂಕಟಲಕ್ಷ್ಮಿಗೆ ಮುಟ್ಟಿತು. ನಾಳೆಯಿಂದ ಪಾಸಿಲ್ಲ. ಪಾಸಿಲ್ಲದಿದ್ದರೆ ಹಾಜರಿಯಿಲ್ಲ. ಕೂಸು ಈಗಲೂ ಬಾಟಲಿ ಮುಟ್ಟುತ್ತಿರಲಿಲ್ಲ, ಬಾಟಲಿ ಕೊಟ್ಟವರ ಬೆರಳು ಕಚ್ಚುತ್ತಿತ್ತು. ಸಿಬ್ಬಂದಿ ಮ್ಯಾನೇಜರು ಕಿಟಕಿಯಿಂದ ಅವಳನ್ನು ನೋಡಿ ಸೌಜನ್ಯದಿಂದ ತಲೆಯಾಡಿಸಿದರು. ಅವಳು ಓಡುತ್ತಲೇ ಸಮಿತಿಯ ಕೋಣೆಗೆ ಹೋದಳು.

"ಸಾರ್, ಇವನನ್ನ ವಾಪಸ್ ಕಳಿಸಿದ್ರೆ ಹಾಸಿಗೆ ಟೆಸ್ಟು ಯಾರ ಮೇಲೆ ಮಾಡ್ತೀರ?"

ಸಮಿತಿಯವರು ಕೇಸರಿಬಾತಿನ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದರು. ಗೇಜು ಹೋದರೆ ಪರೀಕ್ಷೆ ಹೋಗುತ್ತದೆ, ಪರೀಕ್ಷೆ ಹೋದರೆ ಸಮಿತಿ ಹೋಗುತ್ತದೆ. ಶ್ಯಾಮಸುಂದರರ ಅತ್ತೆ ಮನೆಯ ಮಂಚಕ್ಕೆ ಇನ್ನೂ ಮಾದರಿ ಬಂದಿರಲಿಲ್ಲ.

"ಕಳಿಸೋದು ಅಂತ ಯಾರಮ್ಮ ಹೇಳಿದ್ದು," ಎಂದರು ಶ್ಯಾಮಸುಂದರ ಗಡಿಬಿಡಿಯಿಂದ. "ನಲ್ಲಪ್ಪನೋರೆ, ರೂಲ್ಸ್ ಏನಿದೆ?"

ನಲ್ಲಪ್ಪ ಕನ್ನಡಕ ಏರಿಸಿದರು. "ಹೊಸ ಗೇಜು ಬಂದು ಪಾಸಾಗೋವರೆಗೂ ಹಳೇದನ್ನ ಇಟ್ಕೋಬಹುದು. ಆದ್ರೆ ಹೊಸದಕ್ಕೆ ಆರ್ಡರ್ ಆಗಿರ್ಬೇಕು."

"ಆರ್ಡರ್ ಅಂದ್ರೆ ಮೂರು ಕೊಟೇಶನ್ ಬೇಕಲ್ಲ," ಎಂದರು ಪಟ್ಟಾಭಿರಾಮ. ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಕೆಂಪಾಯಿತು.

"ಬೇಕಿಲ್ಲ. ಅದೇ ಅಳತೆ, ಅದೇ ತಯಾರಿಕೆ ಆಗ್ಬೇಕು. ಬೇರೆಯೋರ್ದು ಹೊಂದಲ್ಲ. ನಾನು ಸರ್ಟಿಫಿಕೇಟ್ ಕೊಡ್ತೀನಿ," ಎಂದು ನಲ್ಲಪ್ಪ ಅಲ್ಲೇ ಬರೆದು, ಸಹಿ ಹಾಕಿ, ಮೊಹರು ಒತ್ತಿ ಅವಳ ಕೈಗಿತ್ತರು.

"ಸದರಿ ಗೇಜು ಈ ಒಂದು ಮೂಲವನ್ನು ಬಿಟ್ಟು ಬೇರೆಲ್ಲಿಯೂ ದೊರೆಯುವುದಿಲ್ಲವೆಂದೂ, ಇದಕ್ಕೆ ಸಮನಾದ ಮತ್ತೊಂದು ಮಾಲು ಮಾರುಕಟ್ಟೆಯಲ್ಲಿ ಇಲ್ಲವೆಂದೂ ಈ ಮೂಲಕ ದೃಢೀಕರಿಸಲಾಗಿದೆ."

ವೆಂಕಟಲಕ್ಷ್ಮಿ ಓದಿದಳು. ಓದಿ ಮುಗಿಸುವಾಗ ಅವಳ ಕಣ್ಣು ತುಂಬಿತ್ತು. ಕಾರ್ಖಾನೆ ತನ್ನ ಮಗನ ಬಗ್ಗೆ ಬರೆದ ಕಾಗದಗಳಲ್ಲಿ ನಿಜವಾದದ್ದು ಇದೊಂದೇ ಎನಿಸಿ, ನಲ್ಲಪ್ಪನವರ ಮೇಲೆ ಅವಳಿಗೆ ಮೊದಲ ಸಲ ಪ್ರೀತಿ ಬಂತು.

"ಡೆಲಿವರಿ ಯಾವಾಗ ಕೊಡ್ತೀಯಮ್ಮ?" ಎಂದು ಕೇಳಿದರು ಶ್ಯಾಮಸುಂದರ, ಪೆನ್ನು ಹಿಡಿದು.

"ಒಂಬತ್ತು ತಿಂಗಳಾದ್ರೂ ಬೇಕು ಸಾರ್."

"ಸ್ವಲ್ಪ ಅರ್ಜೆಂಟ್ ಮಾಡೋಕಾಗಲ್ವಾ?"

"ಆಗಲ್ಲ ಸಾರ್. ಹೊರಗೆ ಬಂದ ಮೇಲೂ ಆ ತೂಕ ಬರೋಕೆ ಇನ್ನೂ ನಾಲ್ಕೈದು ತಿಂಗಳು."

"ಅಷ್ಟು ದಿನ ಹಳೇದೇ ನಡೀಲಿ," ಎಂದು ಹನುಮಂತರಾಯಪ್ಪ ಒಪ್ಪಿಗೆ ಕೊಟ್ಟರು. ಎಷ್ಟೋ ತಿಂಗಳಿಂದ ಸಮಿತಿ ಒಮ್ಮತಕ್ಕೆ ಬಂದ ಮೊದಲ ವಿಷಯ ಇದು.

ಅವಳು ಹೊರಡದೆ ಇನ್ನೂ ಅಲ್ಲೇ ನಿಂತಿದ್ದಳು. "ಒಂದ್ ಡೌಟು ಸಾರ್. ಹೆಣ್ಣಾದ್ರೆ?"

ನಲ್ಲಪ್ಪ ಗೇಜಿನ ಡ್ರಾಯಿಂಗ್ ಬಿಡಿಸಿ, ಬೆರಳಿಟ್ಟು ಮೇಲಿಂದ ಕೆಳಗೆ ಎರಡು ಸಲ ಹುಡುಕಿದರು. "ತೂಕ ಇದೆ, ಉದ್ದ ಇದೆ. ಗಂಡು ಹೆಣ್ಣು ಅಂತ ಎಲ್ಲೂ ಹಾಕಿಲ್ಲ. ಯಾವುದಾದ್ರೂ ಪಾಸು."

"ಅದನ್ನೂ ಆರ್ಡರಲ್ಲಿ ಬರೆದುಕೊಡಿ ಸಾರ್. ಮನೇಲಿ ತೋರಿಸ್ಬೇಕು."

ಬರೆದುಕೊಟ್ಟರು. ಆ ಸಂಜೆ ಲಗ್ಗೆರೆಯ ಮನೆಯ ಜಗುಲಿಯಲ್ಲಿ ಮುನಿಯಣ್ಣ ಆರ್ಡರನ್ನು ಬೀದಿ ದೀಪದ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದ. ಪಿಳ್ಳಮ್ಮ ಎರಡನೆಯದೂ ಗಂಡೇ ಆಗಬೇಕೆಂದು ಆಗಲೇ ಹರಕೆ ಹೊತ್ತು ಕೂತಿದ್ದವರು. "ಗಂಡಾಗಲಿ ಹೆಣ್ಣಾಗಲಿ ಎರಡೂ ಸಮಾನವಾಗಿ ಸ್ವೀಕಾರಾರ್ಹ" ಎಂಬ ಸಾಲನ್ನು ಇನ್ನೊಂದು ಸಲ ಓದಿಸಿದರು. ಕಾಗದ ಇಸಿದುಕೊಂಡು, ಕೆಳಗಿದ್ದ ದುಂಡನೆಯ ಮೊಹರನ್ನು ಬೆರಳಿನಿಂದ ಸವರಿ ನೋಡಿದರು.

"ಸೀಲ್ ಆಕವ್ರೆ," ಎಂದರು ಕೊನೆಗೆ. "ಕಂಪ್ನಿಯೋರೇ ಒಪ್ಕಂಡ್ ಮ್ಯಾಕೆ ನಮ್ದೇನೈತೆ. ಎಣ್ಣಾದ್ರೂ ಸರಿ."

ವೆಂಕಟಲಕ್ಷ್ಮಿ ತಲೆ ತಗ್ಗಿಸಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಪಿಳ್ಳಮ್ಮ ಮಗನ ಕಡೆ ತಿರುಗಿದರು.

"ನೀನ್ಯಾಕ್ಲಾ ಇಂಗ್ ಕುಂತೀಯ? ಆರ್ಡರ್ ಬಂದೈತೆ. ಈ ವಾರ ಬೊಂಬಾಯ್ ಲೋಡಿಗೆ ಓಗಾಕಿಲ್ಲ ಅಂತ ಓನರಿಗೆ ಯೋಳ್ಬುಟ್ ಬಾ."

ಮುನಿಯಣ್ಣ ಚಪ್ಪಲಿ ಮೆಟ್ಟಿಕೊಂಡು ಹೇಳಿಬರಲು ಹೋದ.